ಬಾರ್ಜ್ ಕೆಲಸ ಅಂದರೆ ಆ ದಡ, ಈ ದಡ ಅಷ್ಟೇನಾ?

ಅಂಕೋಲಾ ಕಡೆಯವರು, ಓದು ಮುಗಿದಿದೆ, ಜನ ಮತ್ತು ಕಾರು ದಾಟಿಸುವ ಬಾರ್ಜ್‌ನಲ್ಲಿ ಕೆಲಸಕ್ಕೆ ಸೇರಬೇಕು ಅಂತಿದ್ದೀರಿ ಅಂತ ಬರೆದಿದ್ದೀರಿ. ದಿನವಿಡೀ ಅದೇ ಹೊಳೆಯಲ್ಲಿ ಓಡಾಡಿ ಬೇಸರ ಬರಲ್ವಾ, ಎಲ್ಲಾ ಕಡೆ ಸೇತುವೆ ಆಗುತ್ತಿರುವಾಗ ಈ ಕೆಲಸ ಉಳಿಯುತ್ತಾ ಅಂತ ಕೇಳಿದ್ದೀರಿ. ನಾನು ಗಂಗಾವಳಿ ಅಳಿವೆಯಲ್ಲಿ ವರ್ಷಗಟ್ಟಲೆ ಈ ಕೆಲಸ ಮಾಡಿದವನು. ಮೊದಲು ಹಗ್ಗ ಹಿಡಿಯುವ ಖಲಾಸಿ, ಆಮೇಲೆ ಚುಕ್ಕಾಣಿ. ಗೊತ್ತಿದ್ದಷ್ಟು ಹೇಳುತ್ತೇನೆ.

ಹೊಳೆ ದಾಟುವುದು ಈ ಕೆಲಸದ ಸುಲಭದ ಭಾಗ. ಕೆಲವೇ ನಿಮಿಷ. ಕಷ್ಟ ಇರುವುದು ದಡ ಹಿಡಿಯುವುದರಲ್ಲಿ. ಯಾಕಂದ್ರೆ ದಡ ಅಲ್ಲೇ ಇರುತ್ತದೆ, ನೀರು ಅಲ್ಲೇ ಇರಲ್ಲ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಷ್ಟಮಿ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಹುಣ್ಣಿಮೆ, ಅಮಾವಾಸ್ಯೆಗೆ ಜಾಸ್ತಿ. ಬೆಳಗ್ಗೆ ಕಾರು ಸಲೀಸಾಗಿ ಹತ್ತಿದ ಜಾಗದಲ್ಲೇ ಸಂಜೆ ಕಾರಿನ ಬಂಪರ್ ನೆಲಕ್ಕೆ ತಾಗುತ್ತದೆ. ಹಾಗಾಗಿ ನಮ್ಮಲ್ಲಿ ಗಡಿಯಾರಕ್ಕಿಂತ ತಿಥಿ ನೋಡುವವರೇ ಜಾಸ್ತಿ.

ಒಂದು ಉದಾಹರಣೆ ಹೇಳುತ್ತೇನೆ. ಚಿರೇಕಲ್ಲು ತುಂಬಿದ ಲಾರಿಯೊಂದು ಹತ್ತುತ್ತಿದೆ ಅಂದುಕೊಳ್ಳಿ. ಮುಂದಿನ ಚಕ್ರ ಬಾರ್ಜಿನಿಂದ ದಡಕ್ಕೆ ಚಾಚಿದ ರ‍್ಯಾಂಪ್ ಮೇಲೆ ಬಂದ ಕೂಡಲೇ ಬಾರ್ಜಿನ ಮೂತಿ ತಗ್ಗುತ್ತದೆ, ಹಿಂಭಾಗ ಏಳುತ್ತದೆ. ಲಾರಿ ಒಳಗೆ ಬಂದು ಬ್ರೇಕ್ ಹಾಕಿದಾಗ ಆ ನೂಕಿಗೆ ಬಾರ್ಜ್ ದಡ ಬಿಟ್ಟು ಸರಿಯಲು ನೋಡುತ್ತದೆ. ಅದಕ್ಕೇ ದಡಕ್ಕೆ ಹಚ್ಚಿದ ಮೇಲೂ ನಾವು ಎಂಜಿನ್ ನಿಲ್ಲಿಸಲ್ಲ, ಮುಂದಕ್ಕೆ ಒತ್ತಿಕೊಂಡೇ ಇರುತ್ತೇವೆ. ಇಳಿಯುವಾಗ ಇನ್ನೂ ಹುಷಾರಾಗಿರಬೇಕು. ಲಾರಿಯ ಹಿಂದಿನ ಚಕ್ರ ತಿರುಗುತ್ತಾ ಬಾರ್ಜನ್ನೇ ಹಿಂದಕ್ಕೆ ಒದೆಯುತ್ತದೆ. ಆ ಒಂದು ಗಳಿಗೆಯಲ್ಲಿ ಹಗ್ಗ ಸಡಿಲವಾದರೆ ರ‍್ಯಾಂಪ್ ಮತ್ತು ದಡದ ನಡುವೆ ಸಂದು ಬೀಳುತ್ತದೆ, ಚಕ್ರ ಅದರೊಳಗೆ. ಲಾರಿ ಇಳಿದು ಹೋದ ಮೇಲೆ ಮೂತಿ ಹಗುರವಾಗಿ ಮೇಲೇಳುತ್ತದೆ. ರ‍್ಯಾಂಪ್ ದಡದಿಂದ ಎತ್ತಿಕೊಳ್ಳುತ್ತದೆ. ಮತ್ತೆ ಒತ್ತಿ ಕೂರಿಸಿದ ಮೇಲೆಯೇ ಮುಂದಿನ ಗಾಡಿಗೆ ಕೈ ತೋರಿಸಬೇಕು. ಇದನ್ನೆಲ್ಲ ನೋಡುವವನು ರ‍್ಯಾಂಪ್ ಪಕ್ಕ ನಿಂತ ಖಲಾಸಿ. ಚುಕ್ಕಾಣಿ ಹಿಡಿದವನಿಗೆ ಮೇಲಿನಿಂದ ಆ ಸಂದು ಕಾಣಲ್ಲ. ಅವನು ನಂಬುವುದು ಖಲಾಸಿಯ ಕೈ ಸನ್ನೆಯನ್ನು. ಈ ಕೆಲಸವನ್ನು ಕಡಿಮೆ ದರ್ಜೆಯದು ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ.

ಗಾಡಿ ನಿಲ್ಲಿಸುವುದಕ್ಕೂ ಲೆಕ್ಕ ಇದೆ. ಭಾರದ್ದು ನಡುವೆ, ಕಾರುಗಳು ಎರಡೂ ಬದಿಗೆ ಸಮ ಸಮ, ಉಳಿದ ಸಂದಿಯಲ್ಲಿ ಬೈಕು. ‘ಅಣ್ಣಾ, ಗೇರಿನಲ್ಲಿ ಬಿಡಿ, ಹ್ಯಾಂಡ್‌ಬ್ರೇಕ್ ಎಳೀರಿ, ಗಾಜು ಇಳಿಸಿ, ಕೆಳಗಿಳಿದು ನಿಂತ್ಕೊಳ್ಳಿ’ ಅಂತ ಪ್ರತಿ ಟ್ರಿಪ್ಪಿಗೂ ಹೇಳಬೇಕು. ಎಸಿ ಬಿಟ್ಟು ಇಳಿಯಲು ಕೆಲವರಿಗೆ ಮನಸ್ಸಿರಲ್ಲ. ಬಿಡಬೇಡಿ, ಇಳಿಸಿ. ಏನಾದರೂ ಆದರೆ ಮುಚ್ಚಿದ ಕಾರಿನಿಂದ ಹೊರಗೆ ಬರಲು ಸಮಯ ಸಿಗಲ್ಲ. ಭಾರದಷ್ಟೇ ಜನರ ಮೇಲೂ ಕಣ್ಣಿರಬೇಕು. ಯಾರೋ ಒಬ್ಬರು ‘ಡಾಲ್ಫಿನ್’ ಅಂತ ಕೂಗಿದರೆ ಎಲ್ಲರೂ ಫೋನ್ ಹಿಡಿದು ಒಂದೇ ಬದಿಗೆ ಓಡುತ್ತಾರೆ. ಬಾರ್ಜ್ ಸರ್ವೆ, ಅಂದರೆ ತಪಾಸಣೆ, ಆಗುವಾಗ ಎಷ್ಟು ಜನ, ಎಷ್ಟು ಭಾರ ಅಂತ ನಿಗದಿ ಮಾಡಿರುತ್ತಾರೆ. ಸಂಜೆ ಕೊನೆಯ ಟ್ರಿಪ್ಪಿಗೆ ‘ಇನ್ನೊಬ್ಬರು ತಾನೇ’ ಅಂತ ದಡದಲ್ಲಿ ನಿಂತವರು ಕೇಳುತ್ತಾರೆ. ಅವರಲ್ಲಿ ಮೀನಿನ ಬುಟ್ಟಿ ಹೊತ್ತ ಪರಿಚಯದ ಅಕ್ಕನೂ ಇರಬಹುದು. ಆಗ ಇಲ್ಲ ಅನ್ನುವ ಗಟ್ಟಿತನ ಇರಬೇಕು. ನಿಮ್ಮಿಂದ ಅದು ಆಗಲ್ಲ ಅನ್ನಿಸಿದರೆ ಈ ಕೆಲಸಕ್ಕೆ ಬರಬೇಡಿ.

ಎಂಜಿನ್ ಕಡೆಯ ಕೆಲಸ ಬೇರೆಯದೇ. ಡೀಸೆಲ್ ಎಂಜಿನ್ ತಂಪಾಗಿರಲು ಹೊಳೆಯ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಆ ನೀರಿನ ಜಾಲರಿಗೆ ಕೆಸರು, ಪಾಚಿ, ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಹರಿದ ನೈಲಾನ್ ಬಲೆ ತಳದಲ್ಲಿ ನೀರೊಳಗೆ ತಿರುಗುವ ಫ್ಯಾನಿಗೆ (ಪ್ರೊಪೆಲ್ಲರ್) ಸುತ್ತಿಕೊಂಡರಂತೂ ಯಾರಾದರೂ ನೀರಿಗಿಳಿದು ಚಾಕುವಿನಿಂದ ಕೊಯ್ದು ತೆಗೆಯಬೇಕು. ಉಪ್ಪುನೀರು ಕಬ್ಬಿಣವನ್ನು ಸುಮ್ನೆ ಬಿಡಲ್ಲ. ಅದಕ್ಕೆ ತಳದಲ್ಲಿ ಸತುವಿನ ತುಂಡುಗಳನ್ನು ಕೂರಿಸಿರುತ್ತಾರೆ. ಉಪ್ಪು ಮೊದಲು ಅದನ್ನು ತಿನ್ನುತ್ತದೆ, ತಳದ ತಗಡು ಉಳಿಯುತ್ತದೆ. ಬಾರ್ಜನ್ನು ಮೇಲಕ್ಕೆ ಎಳೆದಾಗ ಚಿಪ್ಪು ಕೆರೆದು, ಬಣ್ಣ ಬಳಿದು, ಸವೆದ ಸತು ಬದಲಾಯಿಸಬೇಕು. ಪ್ರವಾಸಿಗರ ಕಣ್ಣಿಗೆ ಇದ್ಯಾವುದೂ ಬೀಳಲ್ಲ.

ಇನ್ನು ಮಳೆಗಾಲ. ಕಾಳಿ ನದಿಗೆ ಕದ್ರಾದಲ್ಲಿ ಅಣೆಕಟ್ಟು ಇದೆ, ಗೇಟ್ ತೆಗೆಯುವ ಮುಂಚೆ ಕೆಳಗಿನವರಿಗೆ ಎಚ್ಚರಿಕೆ ಕೊಡುತ್ತಾರೆ. ಗಂಗಾವಳಿಗೆ ಅಂಥ ದೊಡ್ಡ ಅಣೆಕಟ್ಟು ಇಲ್ಲ. ಅತ್ತ ಅಘನಾಶಿನಿಗೂ ಇಲ್ಲ. ಧಾರವಾಡದ ಕಡೆ, ಯಲ್ಲಾಪುರದ ಘಟ್ಟದಲ್ಲಿ ಮಳೆ ಹೊಯ್ದರೆ ಆ ನೀರು ನೇರ ನಮ್ಮ ಅಳಿವೆಗೆ ಇಳಿಯುತ್ತದೆ. ನಮ್ಮಲ್ಲಿ ಬಿಸಿಲಿದ್ದಾಗಲೂ ಹೊಳೆ ಕೆಂಪಾಗಿ ಬರಬಹುದು. ನೀರಿನ ಬಣ್ಣ ತಿರುಗಿತು, ಕಸ ಕಡ್ಡಿ ತೇಲಿ ಬರುತ್ತಿದೆ ಅಂದರೆ ಹಿಂದೆಯೇ ಮರದ ದಿಮ್ಮಿ ಬರುತ್ತದೆ ಅಂತ ತಿಳಿಯಬೇಕು. ಇಳಿತದ ಸೆಳೆತವೂ ಅದರ ಜೊತೆ ಸೇರಿದರೆ ಬಾರ್ಜ್ ಸೀದಾ ಸಮುದ್ರದ ಕಡೆಗೇ ಎಳೆದುಕೊಳ್ಳುತ್ತದೆ. ಆಗ ನಿಲ್ಲಿಸುವುದೇ ಸರಿ, ದಡದವರು ಎಷ್ಟೇ ಬೈದರೂ. 2021ರ ಜುಲೈನಲ್ಲಿ ಇದೇ ಗಂಗಾವಳಿ ಗುಳ್ಳಾಪುರದ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು ಅನ್ನುವುದನ್ನು ಮರೆಯಬೇಡಿ.

ಸೇತುವೆ ವಿಷಯಕ್ಕೆ ಬರುತ್ತೇನೆ. ಕಾರವಾರದ ಕೋಡಿಬಾಗದಿಂದ ಸದಾಶಿವಗಡಕ್ಕೂ ಒಂದು ಕಾಲದಲ್ಲಿ ನೀರಿನ ಮೇಲೇ ದಾಟಬೇಕಿತ್ತು. 1980ರ ದಶಕದಲ್ಲಿ ಕಾಳಿ ಸೇತುವೆ ಬಂತು, ತಾರಿ, ಅಂದರೆ ಹೊಳೆ ದಾಟಿಸುವ ದೋಣಿ, ನಿಂತಿತು. ಆ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿ ಉಳಿದ. ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ ಸಿಗಂದೂರಿಗೆ ಬಸ್ಸು, ಕಾರು ಹೊತ್ತು ಹೋಗುತ್ತಿದ್ದ ಲಾಂಚ್ ನಿಮಗೂ ಗೊತ್ತಿರಬಹುದು. ಅಲ್ಲಿನ ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಅದಕ್ಕೂ ಮುಂಚೆ, 2023ರ ಬೇಸಿಗೆಯ ಕೊನೆಗೆ ಲಿಂಗನಮಕ್ಕಿ ನೀರು ತಳ ಕಂಡಾಗ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಗಿತ್ತು. ದ್ವೀಪದಂತಾದ ಊರುಗಳ ಜನ ಅಷ್ಟು ವರ್ಷ ಹೇಗೆ ಬದುಕಿದರು ಅಂತ ಯೋಚಿಸಿದರೆ ಸೇತುವೆ ಬೇಡ ಅನ್ನಲು ನನಗೆ ಬಾಯಿ ಬರಲ್ಲ. ಹೆರಿಗೆ ನೋವಿನ ಹೆಂಗಸನ್ನು ಕೊನೆಯ ಟ್ರಿಪ್ ಮುಗಿದ ಮೇಲೆ ದಡಕ್ಕೆ ಕರೆತಂದಾಗ ಮನೆಯವರ ಮುಖ ಹೇಗಿರುತ್ತದೆ ಅಂತ ನಾನು ನೋಡಿದ್ದೇನೆ. ಸೇತುವೆ ಆಗಲಿ. ಆದರೆ ಸೇತುವೆ ಬರುವವರೆಗೆ ಬಾರ್ಜನ್ನು ಚೆನ್ನಾಗಿ ಇಟ್ಟುಕೊಳ್ಳಲೇಬೇಕು. ‘ಹೇಗೂ ಸೇತುವೆ ಬರುತ್ತದಲ್ಲ’ ಅಂತ ರಿಪೇರಿ ಮುಂದೆ ಹಾಕುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೆಲಸ ಪೂರ್ತಿ ಹೋಗಿಬಿಡುತ್ತದೆ ಅಂತ ಹೆದರಬೇಡಿ. ಗಡಿ ದಾಟಿದರೆ ಗೋವಾದಲ್ಲಿ ಇವತ್ತಿಗೂ ಸರ್ಕಾರಿ ಫೆರಿಗಳು ಓಡುತ್ತಿವೆ. 2025ರಲ್ಲಿ ರಾಯಬಂದರ್–ಚೊಡಣ ನಡುವೆ ಗಾಡಿಗಳು ನೇರ ಓಡಿಕೊಂಡೇ ಹತ್ತಿ ಇಳಿಯುವ ಹೊಸ ರೋ-ರೋ ಫೆರಿಗಳನ್ನೇ ಇಳಿಸಿದ್ದಾರೆ. ಆದರೆ ಹಗ್ಗ ಹಿಡಿಯುವಲ್ಲೇ ನಿಂತುಬಿಡಬೇಡಿ. ಒಳನಾಡು ಹಡಗುಗಳಿಗೆ 1917ರ ಹಳೇ ಕಾಯ್ದೆ ಹೋಗಿ 2021ರ ಹೊಸ ಕಾಯ್ದೆ ಬಂದಿದೆ. ಚುಕ್ಕಾಣಿ ಹಿಡಿಯಲು, ಎಂಜಿನ್ ನೋಡಿಕೊಳ್ಳಲು ಸರ್ಟಿಫಿಕೇಟ್ ಬೇಕು. ಅದಕ್ಕೆ ನೀರಿನ ಮೇಲೆ ಕೆಲಸ ಮಾಡಿದ ದಾಖಲೆ ಬೇಕಾಗುತ್ತದೆ. ಮೊದಲ ದಿನದಿಂದಲೇ ಯಾವ ಬಾರ್ಜ್, ಯಾವ ಕೆಲಸ, ಎಷ್ಟು ದಿನ ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಕಣ್ಣು ಈಗಲೇ ತೋರಿಸಿಕೊಳ್ಳಿ. ಈಜು ಬರದಿದ್ದರೆ ಮೊದಲು ಅದನ್ನು ಕಲಿಯಿರಿ.

ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಅಮಾವಾಸ್ಯೆಯ ದಿನ ಬಾರ್ಜ್ ನಿಲ್ಲುವ ಯಾವುದಾದರೂ ಧಕ್ಕೆಗೆ ಹೋಗಿ, ಮಧ್ಯಾಹ್ನ ಭರತ ಇರುವಾಗ ಒಮ್ಮೆ, ಸಂಜೆ ಇಳಿತದಲ್ಲಿ ಒಮ್ಮೆ ದಾಟಿ ಬನ್ನಿ. ಸೀಟು ಹುಡುಕಬೇಡಿ, ರ‍್ಯಾಂಪ್ ಕಾಣುವ ಹಾಗೆ ಸ್ವಲ್ಪ ದೂರದಲ್ಲಿ ನಿಂತು ಖಲಾಸಿಯ ಕೈ ನೋಡಿ. ಮಾತಾಡಿಸಬೇಕು ಅನ್ನಿಸಿದರೆ ಗಾಡಿಗಳೆಲ್ಲ ಇಳಿದ ಮೇಲೆ ಮಾತಾಡಿಸಿ. ಆಮೇಲೆ ಏನಾದರೂ ಕೇಳುವುದಿದ್ದರೆ ಇಲ್ಲೇ ಬರೆಯಿರಿ, ಉತ್ತರ ಹಾಕುತ್ತೇನೆ.