ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಡೀಸೆಲ್ ಹೊಗೆ ನಿಜಕ್ಕೂ ಅಷ್ಟು ಅಪಾಯವೇ?

ಡೀಸೆಲ್ ಹೊಗೆಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟಿನ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ‘ಇದೆಲ್ಲ ಅತಿಯಾಯಿತು’ ಎನ್ನುವಂಥವು. ಅವುಗಳಲ್ಲಿ ಒಂದೆರಡು ಅನುಮಾನಗಳನ್ನು ವಿಜ್ಞಾನಿಗಳೇ ವರ್ಷಗಟ್ಟಲೆ ಎತ್ತಿದ್ದರು. ಹಾಗಾಗಿ ಯಾವುದನ್ನೂ ತಳ್ಳಿಹಾಕದೆ ಉತ್ತರಿಸಿದ್ದೇವೆ.

ಪ್ರಶ್ನೆ: 1988ರಲ್ಲಿ ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ‘ಬಹುಶಃ’ ಬರುತ್ತದೆ ಅಂದರು, 2012ರಲ್ಲಿ ‘ಖಚಿತ’ ಅಂದರು. ಈ ನಡುವೆ ಎಂಜಿನ್‌ಗಳು ಸುಧಾರಿಸಿವೆಯೇ ಹೊರತು ಕೆಟ್ಟಿಲ್ಲ. ಮತ್ತೆ ಇದ್ದಕ್ಕಿದ್ದಂತೆ ಏನಾಯಿತು? ಎಲೆಕ್ಟ್ರಿಕ್ ಗಾಡಿ ಮಾರುವವರ ಕೈವಾಡವೇ?

ಉತ್ತರ: ಹೊಸ ಪುರಾವೆ ಬಂತು, ಅಷ್ಟೆ. 1988ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಮುಂದಿದ್ದದ್ದು ಹೆಚ್ಚಾಗಿ ಇಲಿಗಳ ಪ್ರಯೋಗ, ಜೊತೆಗೆ ರೈಲ್ವೆ ಮತ್ತು ಲಾರಿ ಕೆಲಸಗಾರರ ಮೇಲಿನ ಅಧ್ಯಯನಗಳು. ಅವುಗಳಲ್ಲಿ ಎರಡು ದೊಡ್ಡ ಕೊರತೆಗಳಿದ್ದವು. ಯಾರು ಎಷ್ಟು ಹೊಗೆ ಕುಡಿದರು ಎಂಬುದನ್ನು ಅಳೆದಿರಲಿಲ್ಲ, ಹುದ್ದೆ ನೋಡಿ ಅಂದಾಜು ಕಟ್ಟಿದ್ದರು. ಧೂಮಪಾನದ ಲೆಕ್ಕವೂ ಹಲವು ಕಡೆ ಇರಲಿಲ್ಲ. ಆಗ ‘ಬಹುಶಃ’ ಎಂದು ನಿಲ್ಲಿಸಿದ್ದೇ ಸರಿ.

ಈ ಎರಡೂ ಕೊರತೆ ತುಂಬಲೆಂದೇ ಅಮೆರಿಕದ ಸರ್ಕಾರಿ ಸಂಸ್ಥೆಗಳು ಎಂಟು ಗಣಿಗಳನ್ನು ಆರಿಸಿಕೊಂಡವು. ಗಣಿಯ ಆಯ್ಕೆಯಲ್ಲೇ ಜಾಣತನವಿದೆ. ಉಪ್ಪು, ಪೊಟ್ಯಾಶ್, ಸುಣ್ಣಕಲ್ಲಿನಂಥ ಅಲೋಹ ಗಣಿಗಳನ್ನೇ ತೆಗೆದುಕೊಂಡರು. ಏಕೆಂದರೆ ಶ್ವಾಸಕೋಶ ಕೆಡಿಸುವ ರೇಡಾನ್, ಸಿಲಿಕಾ, ಕಲ್ನಾರು ಅಲ್ಲಿ ಕಡಿಮೆ. ನೆಲದಡಿ ಡೀಸೆಲ್ ಯಂತ್ರ ಓಡುತ್ತಿದ್ದರೆ ಹೊಗೆ ಹೊರಗೆ ಹೋಗುವ ದಾರಿಯೂ ಕಡಿಮೆ. 12,315 ಕೆಲಸಗಾರರನ್ನು ಹಿಂಬಾಲಿಸಿದ ಈ ಅಧ್ಯಯನ 2012ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತ 198 ಮಂದಿಯನ್ನು ಅದೇ ಗಣಿಗಳ 562 ಸಹೋದ್ಯೋಗಿಗಳ ಜೊತೆ ಹೋಲಿಸಿದರು. ಸಿಗರೇಟಿನ ಪರಿಣಾಮ ಕಳೆದ ಮೇಲೂ, ಅತಿ ಹೆಚ್ಚು ಹೊಗೆಯಲ್ಲಿ ದುಡಿದವರಿಗೆ ಅಪಾಯ ಸುಮಾರು ಮೂರು ಪಟ್ಟು ಕಂಡಿತು. ಹೊಗೆಯ ಪ್ರಮಾಣ ಏರಿದಂತೆ ಅಪಾಯವೂ ಏರುತ್ತಿತ್ತು. ಅದೇ ಜೂನ್‌ನಲ್ಲಿ ಕ್ಯಾನ್ಸರ್ ಸಂಸ್ಥೆ ತನ್ನ ವರ್ಗೀಕರಣ ಬದಲಿಸಿತು.

ಕೈವಾಡದ ಮಾತಿಗೆ ಬಂದರೆ, ದಾಖಲೆಗಳು ಹೇಳುವುದು ತಿರುವುಮುರುವು. ಗಣಿ ಉದ್ಯಮದವರು ಈ ಅಧ್ಯಯನದ ವಿರುದ್ಧ ವರ್ಷಗಟ್ಟಲೆ ಕೋರ್ಟು ಹತ್ತಿದ್ದರು. ನಂತರ ಅಮೆರಿಕದ ಪರಿಸರ ಇಲಾಖೆ ಮತ್ತು ವಾಹನ ಉದ್ಯಮ ಎರಡರ ಹಣದಿಂದ ನಡೆಯುವ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ ಲೆಕ್ಕವನ್ನು ಕೆದಕಿ ನೋಡಿ, ಅಪಾಯ ಅಂದಾಜಿಸಲು ಇದು ಯೋಗ್ಯ ಎಂದು 2015ರಲ್ಲಿ ಒಪ್ಪಿತು. ಅದೇ 2015ರ ಸೆಪ್ಟೆಂಬರ್‌ನಲ್ಲಿ ಕಾರು ಕಂಪನಿ ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಅಡಗಿಸಿಟ್ಟ ಸಾಫ್ಟ್‌ವೇರ್‌ನಿಂದ ಸಿಕ್ಕಿಬಿತ್ತು: ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಎಂಜಿನ್ನನ್ನು ಶುದ್ಧವಾಗಿ ಓಡಿಸುವ, ರಸ್ತೆಗಿಳಿದರೆ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳಲು ಬಿಡುವ ಸಾಫ್ಟ್‌ವೇರ್ ಅದು.

ಪ್ರಶ್ನೆ: ಇಲಿಗೆ ಕಂಠಪೂರ್ತಿ ಹೊಗೆ ತುಂಬಿದರೆ ಕ್ಯಾನ್ಸರ್ ಬಾರದೆ ಇರುತ್ತದೆಯೇ? ಅದನ್ನು ಮನುಷ್ಯರಿಗೆ ಅನ್ವಯಿಸುವುದು ಸರಿಯೇ?

ಉತ್ತರ: ಇಲಿಯ ವಿಚಾರದಲ್ಲಿ ನಿಮ್ಮ ತಕರಾರು ನ್ಯಾಯವಾದದ್ದು. ಬರೀ ಇಂಗಾಲದ ಪುಡಿಯನ್ನು ವಿಪರೀತ ಉಸಿರಾಡಿಸಿದರೂ ಇಲಿಯ ಶ್ವಾಸಕೋಶದಲ್ಲಿ ಗಡ್ಡೆ ಬರುತ್ತದೆ. ಹ್ಯಾಮ್‌ಸ್ಟರ್‌ಗಳಲ್ಲಿ ಹಾಗಾಗಲಿಲ್ಲ. ಆದ್ದರಿಂದಲೇ ಗಣಿಗಾರರ ಅಧ್ಯಯನಕ್ಕೆ ಅಷ್ಟು ತೂಕ.

ಮನುಷ್ಯರ ಮೇಲೆ ನೇರ ಪ್ರಯೋಗವೂ ಆಗಿದೆ, ಕ್ಯಾನ್ಸರಿನದಲ್ಲ, ಉಸಿರಾಟದ್ದು. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಆಗ ಓಡಾಡಲು ಬಿಡುತ್ತಿದ್ದದ್ದು ಬಸ್ಸು, ಟ್ಯಾಕ್ಸಿಗಳನ್ನು ಮಾತ್ರ, ಅಂದರೆ ಬಹುಪಾಲು ಡೀಸೆಲ್ಲೇ. ಆಸ್ತಮಾ ಇರುವ 60 ಮಂದಿಯನ್ನು ಒಂದು ದಿನ ಅಲ್ಲಿ, ಇನ್ನೊಂದು ದಿನ ಹತ್ತಿರದ ಹೈಡ್ ಪಾರ್ಕ್‌ನಲ್ಲಿ ಎರಡೆರಡು ಗಂಟೆ ನಡೆಸಿದರು. ಒಂದು ಸೆಕೆಂಡಿನಲ್ಲಿ ಊದಬಲ್ಲ ಗಾಳಿಯ ಪ್ರಮಾಣ ಬೀದಿಯಲ್ಲಿ ನಡೆದಾಗ ಶೇ. 6ರವರೆಗೆ ಇಳಿಯಿತು, ಉದ್ಯಾನದಲ್ಲಿ ಇಳಿಕೆ ತೀರ ಕಡಿಮೆ. 2007ರಲ್ಲಿ ಪ್ರಕಟವಾದ ಈ ಪ್ರಯೋಗದ ನಡಿಗೆ ಯಾರಿಗೂ ಅಸಾಧ್ಯವಾದದ್ದಲ್ಲ, ಪೇಟೆಯಲ್ಲಿ ಅಷ್ಟು ಹೊತ್ತು ಅಲೆದಾಡುವುದು ಮಾಮೂಲು.

ಪ್ರಶ್ನೆ: ತಂಬಾಕಿನ ಪಟ್ಟಿಯಲ್ಲೇ ಡೀಸೆಲ್ ಹೊಗೆಯನ್ನೂ ಸೇರಿಸಿದ್ದಾರೆ. ಎರಡೂ ಸಮವೇ?

ಉತ್ತರ: ಅಲ್ಲ. ಕ್ಯಾನ್ಸರ್ ಸಂಸ್ಥೆಯ ಆ ಪಟ್ಟಿ ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆ, ಅಪಾಯ ಎಷ್ಟು ಜೋರು ಎಂಬುದನ್ನಲ್ಲ. ಸಂಸ್ಕರಿಸಿದ ಮಾಂಸವೂ ಅದೇ ಗುಂಪಿನಲ್ಲಿದೆ. ದಿನವೂ ಸಿಗರೇಟು ಸೇದುವವನ ಅಪಾಯ ರಸ್ತೆಬದಿಯ ನಿವಾಸಿಯದಕ್ಕಿಂತ ಎಷ್ಟೋ ದೊಡ್ಡದು. ಪತ್ರಿಕೆಗಳ ತಲೆಬರಹ ಈ ವ್ಯತ್ಯಾಸವನ್ನು ನುಂಗಿಹಾಕುತ್ತದೆ, ಜನ ನಂಬದಿರಲು ಅದೂ ಒಂದು ಕಾರಣ.

ಪ್ರಶ್ನೆ: ನಲವತ್ತು ವರ್ಷ ಲಾರಿ ಓಡಿಸಿ ಗಟ್ಟಿಮುಟ್ಟಾಗಿರುವವರು ಎಷ್ಟು ಮಂದಿ ಬೇಕು?

ಉತ್ತರ: ಬೇಕಾದಷ್ಟು ಇದ್ದಾರೆ. ಉಸಿರು ಕಟ್ಟಿ ಹತ್ತನೇ ವರ್ಷಕ್ಕೇ ಕೆಲಸ ಬಿಟ್ಟವರು ಮಾತ್ರ ನಮ್ಮ ಎಣಿಕೆಗೆ ಸಿಗುವುದಿಲ್ಲ. ಮೂರು ಪಟ್ಟು ಅಪಾಯ ಎಂದರೂ ಬಹುಪಾಲು ಜನರಿಗೆ ಆ ಕಾಯಿಲೆ ಬರುವುದಿಲ್ಲ ಎಂದೇ ಅರ್ಥ.

ಪ್ರಶ್ನೆ: ಹೊಸ ಗಾಡಿಗಳಲ್ಲಿ ಹೊಗೆಯೇ ಕಾಣುವುದಿಲ್ಲ. ಹಳೆಯ ಕಾಲದ ಭಯ ಅವಕ್ಕೂ ಏಕೆ?

ಉತ್ತರ: ಕಣ್ಣಿಗೆ ಕಾಣುವ ಕಪ್ಪು ಹೊಗೆ ದಪ್ಪ ಕಣಗಳ ಗುಂಪು. ಡೀಸೆಲ್ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗಿಂತ ಸಣ್ಣವು. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣದ ನಡುವೆ ಇಂಗಾಲ, ಅದರ ಮೇಲೆ ಬೆನ್ಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳ ಲೇಪ. ಸಣ್ಣದಾದಷ್ಟೂ ಅದು ಶ್ವಾಸಕೋಶದ ತುದಿಯ ಗಾಳಿಗೂಡಿನವರೆಗೆ ಇಳಿಯುತ್ತದೆ. ನೈಟ್ರಿಕ್ ಆಕ್ಸೈಡ್‌ಗಂತೂ ಬಣ್ಣವೇ ಇಲ್ಲ.

ಹಾಗೆಂದು ಹೊಸ ಗಾಡಿಯನ್ನೂ ಹಳೆಯದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕಣಶೋಧಕ, ಅಂದರೆ ಡಿಪಿಎಫ್ ಇರುವ 2007ರ ನಂತರದ ಎಂಜಿನ್‌ಗಳ ಹೊಗೆಯಲ್ಲಿ ಇಲಿಗಳನ್ನು ದಿನಕ್ಕೆ 16 ಗಂಟೆ, ವಾರಕ್ಕೆ ಐದು ದಿನ, 30 ತಿಂಗಳವರೆಗೂ ಇಟ್ಟು ನೋಡಿದ್ದಾರೆ. ಶ್ವಾಸಕೋಶದ ಗಡ್ಡೆ ಹೆಚ್ಚಾಗಲಿಲ್ಲ. ಇಲ್ಲಿ ಅನುಮಾನಿಗಳ ಮಾತೇ ಗೆದ್ದಿತು, ಆದರೆ ಒಂದು ಷರತ್ತಿನ ಮೇಲೆ: ಶೋಧಕ ಜಾಗದಲ್ಲಿರಬೇಕು, ಕೆಲಸ ಮಾಡುತ್ತಿರಬೇಕು.

ಪ್ರಶ್ನೆ: ಡಿಪಿಎಫ್ ಕಟ್ಟಿಕೊಂಡು ಪದೇಪದೇ ದೀಪ ಹೊತ್ತುತ್ತದೆ. ಕಿತ್ತುಹಾಕಿದರೆ ಪಿಕಪ್, ಮೈಲೇಜು ಎರಡೂ ಬರುತ್ತದೆ ಅನ್ನುತ್ತಾರೆ ಮೆಕ್ಯಾನಿಕ್. ತೆಗೆಸಲೇ?

ಉತ್ತರ: ಬೇಡ. ಮೊದಲು ಅದು ಏಕೆ ಕಟ್ಟಿಕೊಳ್ಳುತ್ತಿದೆ ನೋಡಿ. ಡಿಪಿಎಫ್ ಒಳಗೆ ಜೇನುಗೂಡಿನಂಥ ಸೆರಾಮಿಕ್ ಕೊಳವೆಗಳಿವೆ. ಒಂದರ ಬಾಯಿ ಮುಚ್ಚಿದ್ದರೆ ಪಕ್ಕದ್ದರ ಬುಡ ಮುಚ್ಚಿರುತ್ತದೆ. ಹೊಗೆ ಗೋಡೆಯ ಮೂಲಕವೇ ನುಸುಳಬೇಕು, ಮಸಿ ಅಲ್ಲೇ ಉಳಿಯುತ್ತದೆ. ತುಂಬಿದಾಗ ಎಂಜಿನ್ ತಡವಾಗಿ ಒಂದಿಷ್ಟು ಹೆಚ್ಚಿನ ಡೀಸೆಲ್ ಚಿಮ್ಮಿಸಿ ಶೋಧಕವನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಡುತ್ತದೆ. ಇದಕ್ಕೆ ಹದಿನೈದಿಪ್ಪತ್ತು ನಿಮಿಷ ಬೇಕು. ಗಾಡಿ ಬರೀ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುತ್ತಿದ್ದರೆ ಸುಡುವ ಕೆಲಸ ಪ್ರತಿ ಸಲವೂ ಅರ್ಧಕ್ಕೇ ನಿಲ್ಲುತ್ತದೆ. ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಾ ಹೋದರೆ ಇದೇ ಲಕ್ಷಣ. ಆಗ ಮೊದಲು ಆಯಿಲ್ ಬದಲಿಸಿ.

ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿದ್ದರೆ ತೆರವಾದ ರಸ್ತೆಯಲ್ಲಿ 2,000 ಆರ್‌ಪಿಎಂ ಮೇಲಿರುವಂತೆ ಒಂದು ಗೇರ್ ಕೆಳಗಿಟ್ಟು ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿ. ಬಹಳ ಸಲ ಅಷ್ಟೇ ಸಾಕು. ಮಿನುಗತೊಡಗಿದರೆ ಅಥವಾ ಎಂಜಿನ್ ಶಕ್ತಿ ಬಿಟ್ಟಿದ್ದರೆ ಹಾಗೆ ಓಡಿಸಬೇಡಿ, ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿ ಸುಡಿಸಬೇಕು. ಅದಕ್ಕೂ ಮುನ್ನ ಶೋಧಕದ ಹಿಂದೆ ಮುಂದೆ ಒತ್ತಡ ಅಳೆಯುವ ಸೆನ್ಸರ್‌ನ ಎರಡು ರಬ್ಬರ್ ಪೈಪುಗಳನ್ನು ನೋಡಿಸಿ. ಅವು ಸೀಳಿದ್ದರೂ ಇದೇ ದೀಪ ಹೊತ್ತುತ್ತದೆ. ಎರಡು ಬೆರಳಿನ ಪೈಪಿಗಾಗಿ ಇಡೀ ಡಿಪಿಎಫ್ ಬದಲಿಸುವುದು ಅಪರೂಪವೇನಲ್ಲ. ಇನ್ನೊಂದು ಕಾರಣ ಆಯಿಲ್. ಕಡಿಮೆ ಬೂದಿಯ ಆಯಿಲ್ ಹಾಕದಿದ್ದರೆ ಲೋಹದ ಬೂದಿ ಶೋಧಕದಲ್ಲಿ ಕೂರುತ್ತದೆ. ಮಸಿ ಸುಡುತ್ತದೆ, ಬೂದಿ ಎಷ್ಟು ಕಾಯಿಸಿದರೂ ಹೋಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಯಾರಾದರೂ ಒಳಗಿನದನ್ನು ಕಿತ್ತಿದ್ದಾರೆಯೇ ಎಂದು ತಿಳಿಯಲು, ಎಂಜಿನ್ ತಣ್ಣಗಿದ್ದಾಗ ಸೈಲೆನ್ಸರ್ ತುದಿಯ ಒಳಗೆ ಬಿಳಿ ಬಟ್ಟೆ ಒರೆಸಿ. ಡಿಪಿಎಫ್ ಸರಿಯಿದ್ದರೆ ಬಟ್ಟೆ ಹೆಚ್ಚೆಂದರೆ ಬೂದುಬಣ್ಣ, ಕಾಡಿಗೆಯಂತೆ ಕಪ್ಪಾದರೆ ಒಡೆದಿದೆ ಅಥವಾ ಇಲ್ಲ. ಹಳೆಯ ಹೊಗೆ ತಪಾಸಣಾ ಯಂತ್ರ ಬೆಳಕು ಎಷ್ಟು ಮಂಕಾಯಿತೆಂದು ಮಾತ್ರ ನೋಡುವುದರಿಂದ ಕಿತ್ತ ಗಾಡಿಗಳೂ ಅದರಲ್ಲಿ ಪಾಸಾಗುತ್ತಿದ್ದವು. ಬೆಲ್ಜಿಯಂ 2022ರಲ್ಲಿ, ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿ 2023ರಲ್ಲಿ ಕಣಗಳನ್ನೇ ಎಣಿಸುವ ಯಂತ್ರ ತಂದದ್ದು ಅದಕ್ಕೇ.

ಪ್ರಶ್ನೆ: ಕಟ್ಟಡದ ಜನರೇಟರ್ ಹೊಗೆ ಮೇಲಿನ ಮಹಡಿಗಳಿಗೆ ಬರುತ್ತದೆ. ಪೈಪು ಉದ್ದ ಮಾಡಿಸಿದ ಮೇಲೆ ಹೊಗೆ ಇನ್ನೂ ಕಪ್ಪಾಯಿತು. ಏಕೆ?

ಉತ್ತರ: ಪೈಪು ಉದ್ದವಾಗಿ, ತಿರುವು ಹೆಚ್ಚಾದಾಗ ಹಿಮ್ಮುಖ ಒತ್ತಡ ಏರುತ್ತದೆ. ಎಂಜಿನ್ ಹೊಗೆ ಹೊರದೂಡಲಾಗದೆ ಉರಿ ಕೆಡುತ್ತದೆ. ಉದ್ದ ಮಾಡಿದರೆ ಪೈಪಿನ ವ್ಯಾಸವನ್ನೂ ಒಂದು ಅಳತೆ ದೊಡ್ಡದು ಮಾಡಬೇಕು. ತೊಂಬತ್ತು ಡಿಗ್ರಿಯ ಗಿಡ್ಡ ಬೆಂಡ್ ಬದಲು ಉದ್ದನೆ ಸುತ್ತಿನ ಬೆಂಡ್ ಹಾಕಿಸಿ. ಎಂಜಿನ್ ತಯಾರಕರ ಕೈಪಿಡಿಯಲ್ಲಿ ಒತ್ತಡದ ಮಿತಿ ಇರುತ್ತದೆ, ಗೇಜ್ ಇಟ್ಟು ಪೂರ್ಣ ಲೋಡಿನಲ್ಲಿ ಅಳೆಸಿ. ಪೈಪಿನ ಬಾಯಿ ಛಾವಣಿಗಿಂತ ಮೇಲಿರಲಿ, ಕಿಟಕಿ ಮತ್ತು ಎಸಿಯ ಗಾಳಿ ಸೇದುವ ಬಾಯಿಗಳಿಂದ ದೂರವಿರಲಿ. ಮಳೆ ತಡೆಯಲು ಬಾಯಿಯ ಮೇಲೆ ಟೋಪಿ ಹಾಕಿದರೆ ಹೊಗೆ ಕೆಳಕ್ಕೇ ಮಗುಚುತ್ತದೆ, ಒತ್ತಡಕ್ಕೆ ತಾನೇ ತೆರೆಯುವ ಮುಚ್ಚಳ ಸಾಕು. ಎಂಜಿನ್ ಪಕ್ಕದ ಬೆಲ್ಲೋಸ್ (ಮಡಿಕೆಯ, ಬಾಗುವ ಪೈಪು) ಮತ್ತು ಗ್ಯಾಸ್ಕೆಟ್ ಸುತ್ತ ಕಪ್ಪು ಗೆರೆ ಕಂಡರೆ ಅಲ್ಲೇ ಸೋರಿಕೆ. ಮುಚ್ಚಿದ ಕೋಣೆಯಲ್ಲಿ ಈ ಸೋರಿಕೆ ಎಲ್ಲಕ್ಕಿಂತ ಕೆಟ್ಟದ್ದು.

ಪ್ರಶ್ನೆ: ಮಾಸ್ಕ್ ಹಾಕಿದರೆ ಪ್ರಯೋಜನವಿದೆಯೇ? ಕಾರಿನೊಳಗೆ?

ಉತ್ತರ: ಬಟ್ಟೆಯ ಮಾಸ್ಕಿನಿಂದ ಪ್ರಯೋಜನ ಅಷ್ಟಕ್ಕಷ್ಟೆ. ಮುಖಕ್ಕೆ ಬಿಗಿಯಾಗಿ ಕೂತ ಎನ್95 ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ, ಅತಿ ಸಣ್ಣ ಕಣಗಳನ್ನೂ. ಅನಿಲಗಳನ್ನು ಹಿಡಿಯುವುದಿಲ್ಲ. ಗಡ್ಡವಿದ್ದರೆ ಅಂಚಿನಲ್ಲಿ ಸೋರುತ್ತದೆ. ಕಾರಿನಲ್ಲಿ ದಟ್ಟ ಟ್ರಾಫಿಕ್ಕಿಗೆ ಸಿಕ್ಕಾಗ ಕಿಟಕಿ ಮುಚ್ಚಿ ರೀಸರ್ಕ್ಯುಲೇಷನ್ ಒತ್ತಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹೊರಗಾಳಿ ಬಿಡದಿದ್ದರೆ ಇಂಗಾಲದ ಡೈಆಕ್ಸೈಡ್ ಏರಿ ತೂಕಡಿಕೆ ಬರುತ್ತದೆ. ನಡೆಯುವವರು ಹೆದ್ದಾರಿಯ ಬದಲು ಒಂದು ಬೀದಿ ಒಳಗಿನ ದಾರಿ ಹಿಡಿಯುವುದು ಇವೆಲ್ಲಕ್ಕಿಂತ ಲೇಸು. ರಸ್ತೆಯಿಂದ 300 ಮೀಟರ್ ದೂರ ಹೋಗುವಷ್ಟರಲ್ಲಿ ಅತಿಸಣ್ಣ ಕಣಗಳ ಸಂಖ್ಯೆ ಹೆಚ್ಚುಕಡಿಮೆ ಸುತ್ತಲಿನ ಗಾಳಿಯ ಮಟ್ಟಕ್ಕೇ ಇಳಿದಿರುತ್ತದೆ.