ಮೇಷ್ಟ್ರ ಮಂಡಿ, ಟೈಲರಮ್ಮನ ಮಂಡಿ

ಇವರನ್ನು ಟೈಲರಮ್ಮ ಎಂದೇ ಕರೆಯುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 64. ಒಂದು ತಾಲ್ಲೂಕು ಊರಿನಲ್ಲಿ ರವಿಕೆ ಹೊಲಿದು ಮಗನನ್ನು ಓದಿಸಿದವರು. ಎರಡೂ ಮಂಡಿ ಸವೆದಿದ್ದವು. ಬಲಗಡೆಯದಕ್ಕೆ ಬದಲಿ ಮಂಡಿ ಹಾಕಿಸಿಕೊಂಡು ಏಳು ವಾರವಾಗಿದ್ದಾಗ ಸೊಸೆ ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಕರೆತಂದರು.

ಸೊಸೆ ಹೇಳಿದ್ದು: "ಅತ್ತೆ ಎಕ್ಸರ್‌ಸೈಜ್ ಮಾಡಲ್ಲ, ಮಾತೂ ಆಡಲ್ಲ. ರಾತ್ರಿ ಎದ್ದು ಕೂತು ಅಳ್ತಾರೆ."

ಟೈಲರಮ್ಮ ಹೇಳಿದ್ದು ಒಂದೇ ಮಾತು: "ಕುಂಟಿಕೊಂಡಾದ್ರೂ ನಡೀತಿದ್ದೆ. ಈಗ ಅದೂ ಹೋಯ್ತು. ಮಾಡಿಸ್ಕೊಂಡಿದ್ದೇ ತಪ್ಪಾಯ್ತು."

ಮಂಡಿ ಆಪರೇಷನ್ ಆದವರು ಎರಡನೇ ತಿಂಗಳಲ್ಲಿ ಹೀಗೆ ಅನ್ನುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಮೊದಲ ಹದಿನೈದು ದಿನ ಮನೆ ತುಂಬ ಜನ, ಹಣ್ಣು, ಎಳನೀರು. ಆಮೇಲೆ ಬರುವವರು ನಿಲ್ಲುತ್ತಾರೆ, ನೋವು ನಿಲ್ಲುವುದಿಲ್ಲ. ಹೊಲಿಗೆ ಬಿಚ್ಚಿ ಆಯ್ತು, ಗಾಯ ಒಣಗಿತು, ಇನ್ನೇನು ಅಂತ ಮನೆಯವರ ಲೆಕ್ಕ. ಆದರೆ ಊತ ಮತ್ತು ಬಿಸಿ ಮೂರರಿಂದ ಆರು ತಿಂಗಳು ಇರಬಹುದು. ಗಾಯದ ಹೊರಬದಿಯಲ್ಲಿ ಚರ್ಮ ಜೋಮು ಹಿಡಿದ ಹಾಗಿರುತ್ತದೆ, ಅಲ್ಲಿಯ ಸಣ್ಣ ನರ ಕತ್ತರಿಸಿ ಹೋಗಿರುತ್ತದೆ. ಹೆಜ್ಜೆ ಇಟ್ಟರೆ ಟಕ್ ಅನ್ನುತ್ತದೆ, ಲೋಹ ಪ್ಲಾಸ್ಟಿಕ್ಕಿಗೆ ತಾಗುವ ಸದ್ದು ಅದು. ಪೂರ್ತಿ ಹದಕ್ಕೆ ಬರಲು ಒಂದು ವರ್ಷವೂ ಬೇಕಾಗುತ್ತದೆ. ಟೈಲರಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಟಕ್ ಸದ್ದು ಕೇಳಿ, ಒಳಗೆ ಸ್ಕ್ರೂ ಸಡಿಲ ಆಗಿದೆ ಎಂದುಕೊಂಡು ನಡೆಯುವುದನ್ನೇ ಕಡಿಮೆ ಮಾಡಿದ್ದರು.

ಸಾಲದ್ದಕ್ಕೆ ಅದೇ ಬೀದಿಯ ಒಬ್ಬ ಮೇಷ್ಟ್ರು. ಅವರೂ ಮಂಡಿ ಬದಲಿಸಿಕೊಂಡವರೇ. ಒಂದೂವರೆ ತಿಂಗಳಿಗೆ ಕೋಲು ಬಿಟ್ಟು ಸಂತೆಗೆ ಹೋದರಂತೆ. ಬೆಂಗಳೂರಿನಲ್ಲಿರುವ ಮಗ ದಿನಾ ರಾತ್ರಿ ಫೋನ್ ಮಾಡಿ, "ಎಷ್ಟು ಡಿಗ್ರಿ ಮಡಚ್ತೀಯಮ್ಮ ಈಗ? ಮೇಷ್ಟ್ರನ್ನ ನೋಡು" ಅನ್ನುತ್ತಿದ್ದ. ಇವರು 90 ಅಂತ ಸುಳ್ಳು ಹೇಳುತ್ತಿದ್ದರು. ಇದ್ದದ್ದು 75.

ಮೊದಲು ನಾನು ಅವರನ್ನು ಸರ್ಜನ್ ಹತ್ತಿರ ವಾಪಸ್ ಕಳಿಸಿದೆ. ಅಳುವವರ ನೋವನ್ನೆಲ್ಲ ಮನಸ್ಸಿನದು ಅಂದುಬಿಡುವುದು ನಮ್ಮ ಕೆಲಸದಲ್ಲಿ ತೀರಾ ಸುಲಭ. ಸೋಂಕು ಇಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿಲ್ಲ, ಎಕ್ಸ್‌ರೇ ಸರಿಯಿದೆ ಎಂದು ಗೊತ್ತಾಯಿತು. ಆದರೆ ಮಂಡಿ ಗಡುಸಾಗುತ್ತಿದೆ, ಹೀಗೇ ಇದ್ದರೆ ಮೂರು ತಿಂಗಳು ತುಂಬುವುದರೊಳಗೆ ಅರಿವಳಿಕೆ ಕೊಟ್ಟು ಮಡಚಬೇಕಾದೀತು ಎಂದರಂತೆ. ಟೈಲರಮ್ಮನಿಗೆ ಅದು ಬೆದರಿಕೆಯ ಹಾಗೆ ಕೇಳಿಸಿತ್ತು.

ಮನೆಯಲ್ಲಿ ಹೇಗೆ ಮಲಗುತ್ತಾರೆ, ಒಂದು ಫೋಟೋ ಕಳಿಸಿ ಎಂದು ಸೊಸೆಗೆ ಹೇಳಿದೆ. ಫೋಟೋದಲ್ಲಿ ಬೂರುಗದ ಹತ್ತಿಯ ದಿಂಬನ್ನು ಎರಡು ಮಡಿಕೆ ಮಾಡಿ ಮಂಡಿಯ ಕೆಳಗೆ ಇಟ್ಟಿದ್ದರು. ಪ್ರೀತಿಯಿಂದಲೇ ಇಟ್ಟದ್ದು. ಆದರೆ ರಾತ್ರಿಯಿಡೀ ಹಾಗೆ ಮಲಗಿದರೆ ಕಾಲು ಅರ್ಧ ಮಡಚಿದ ಸ್ಥಿತಿಯಲ್ಲೇ ನಿಂತು, ಪೂರ್ತಿ ನೇರ ಚಾಚುವುದು ಕಷ್ಟವಾಗುತ್ತದೆ. ಫಿಸಿಯೋಥೆರಪಿಸ್ಟ್‌ಗೆ ಫೋಟೋ ತೋರಿಸಿದೆವು. ದಿಂಬು ಹಿಮ್ಮಡಿಯ ಕೆಳಗೆ ಹೋಯಿತು.

ಎರಡನೆಯದು ಮಾತ್ರೆ. ನೋವಿನ ಮಾತ್ರೆಗಳು ಗುಂಡಿ ಡಬ್ಬಿಯಲ್ಲಿ ಗುಂಡಿಗಳ ಜೊತೆ ಹಾಗೇ ಇದ್ದವು. "ಜಾಸ್ತಿ ತಿಂದ್ರೆ ಕಿಡ್ನಿ ಹೋಗುತ್ತೆ" ಎಂದು ಯಾರೋ ಹೇಳಿದ್ದರು. ಭಯ ಪೂರ್ತಿ ಸುಳ್ಳಲ್ಲ, ಕೆಲವು ಮಾತ್ರೆಗಳಿಗೆ ಆ ಮಾತು ನಿಜ. ಅದಕ್ಕೇ ಡಾಕ್ಟರನ್ನೇ ಕೇಳಿಸಿದೆ. ಅವರು ರಕ್ತ ಪರೀಕ್ಷೆ ನೋಡಿ, ಯಾವುದು, ಎಷ್ಟು ಎಂದು ಬರೆದುಕೊಟ್ಟರು. ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ನುಂಗಿದರೆ ಮಂಡಿ ಮಡಚಲು ಧೈರ್ಯ ಬರುತ್ತದೆ ಎಂದರು.

ಇಷ್ಟಾದರೂ ಅವರ ಮುಖ ಗಂಟಿಕ್ಕಿಕೊಂಡೇ ಇತ್ತು. ಆಮೇಲೊಂದು ದಿನ ಸೊಸೆಯನ್ನು ಹೊರಗೆ ಕೂರಿಸಿ ಮಾತಾಡಿದಾಗ ವಿಷಯ ಬಂತು. "ಇನ್ನು ನೆಲದ ಮೇಲೆ ಕೂತು ಬಟ್ಟೆ ಕತ್ತರಿಸೋ ಹಾಗಿಲ್ಲ ಅಂತ ಮುಂಚೆನೇ ಹೇಳಿದ್ರೆ ನಾನು ಒಪ್ತಾನೇ ಇರ್ಲಿಲ್ಲ." ಚಕ್ಕಳಮಕ್ಕಳ, ಕುಕ್ಕರಗಾಲು ಎರಡೂ ಬೇಡ ಎಂಬುದು ಅವರಿಗೆ ತಿಳಿದದ್ದು ಡಿಸ್‌ಚಾರ್ಜ್ ದಿನ. ಹೇಳಬೇಕಾದವರು ಮೊದಲೇ ಹೇಳಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ನಾನು ಸಮಾಧಾನ ಹೇಳಲು ಹೋಗಲಿಲ್ಲ. ನಿಮ್ಮ ಸಿಟ್ಟು ಸರಿಯಾದದ್ದೇ ಎಂದೆ. ಹೋದ ಕಾಲು, ಹೋದ ಕೆಲಸ, ಎರಡಕ್ಕೂ ಸೇರಿಸಿ ಅವತ್ತು ಚೆನ್ನಾಗಿ ಅತ್ತರು. ನಂತರ ಅವರೇ ಕೇಳಿದರು, ಎತ್ತರದ ಮೇಜು ಹಾಕಿಕೊಂಡು ನಿಂತು ಕತ್ತರಿಸಬಹುದಾ ಅಂತ. ಧಾರಾಳವಾಗಿ, ಆದರೆ ನಡುನಡುವೆ ಕೂರಬೇಕು ಎಂದರು ಫಿಸಿಯೋ.

ಡಿಗ್ರಿಯ ಲೆಕ್ಕ ಮನೆಯಿಂದ ಆಚೆ ಹಾಕಿದೆವು. ಅದು ಫಿಸಿಯೋ ನೋಡಿಕೊಳ್ಳಲಿ. ಕುರ್ಚಿಯಲ್ಲಿ ಕೂತು ಪಾದವನ್ನು ನೆಲದ ಮೇಲೆ ಹಿಂದಕ್ಕೆ ಜಾರಿಸುವುದು ಅವರ ವ್ಯಾಯಾಮಗಳಲ್ಲಿ ಒಂದು. ಕುರ್ಚಿ ಇದ್ದ ಜಾಗದಲ್ಲೇ ಇರಲಿ, ಹಿಮ್ಮಡಿ ಎಲ್ಲಿಗೆ ಬಂತೋ ಅಲ್ಲಿ ನಿಮ್ಮ ಬಟ್ಟೆ ಗುರುತಿಸುವ ಚಾಕಿನಿಂದ ಗೆರೆ ಎಳೆಯಿರಿ, ವಾರಕ್ಕೊಂದೇ ಗೆರೆ ಎಂದೆ. ದಿನಾ ಅಳೆದರೆ ಏನೂ ಕಾಣಿಸುವುದಿಲ್ಲ, ಸುಮ್ನೆ ಬೇಜಾರು. ಒಂದೇ ಸಲಕ್ಕೆ ಒಂದು ಗಂಟೆ ಹಿಂಸೆಪಡುವ ಬದಲು ಹತ್ತು ಹತ್ತು ನಿಮಿಷ, ದಿನಕ್ಕೆ ಐದಾರು ಸಲ. ಆದಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ. ನೋವು ಒಂದೆರಡು ಗಂಟೆಯಲ್ಲಿ ಇಳಿದರೆ ಹೆದರಬೇಕಿಲ್ಲ. ಮರುದಿನ ಬೆಳಿಗ್ಗೆಗೂ ಊತ ಜಾಸ್ತಿ ಇದ್ದರೆ ಸ್ವಲ್ಪ ತಗ್ಗಿಸಬೇಕು. ಜ್ವರ, ಗಾಯ ಕೆಂಪಾಗುವುದು, ಕೀವು, ಮೀನಖಂಡದ ನೋವು–ಊತ ಕಂಡರೆ ಅವತ್ತೇ ಆಸ್ಪತ್ರೆ. ಎದೆನೋವು, ಉಸಿರು ಸಿಕ್ಕಿಕೊಂಡ ಹಾಗಾದರೆ ಒಂದು ನಿಮಿಷವೂ ಕಾಯಬಾರದು.

ಮಗನಿಗೆ ಫೋನಿನಲ್ಲಿ ಹೇಳಿದೆ: ಒಂದು ತಿಂಗಳು ಮಂಡಿಯ ಸುದ್ದಿ, ಮೇಷ್ಟ್ರ ಸುದ್ದಿ ಎರಡೂ ಬೇಡ. ಊರಿನ ಸುದ್ದಿ ಕೇಳಿ. ಒಪ್ಪಿದ. ಆದರೂ ಮೂರನೇ ದಿನಕ್ಕೇ ಕೇಳಿಬಿಟ್ಟನಂತೆ. ಸೊಸೆಗೆ, ನಿಮಗೂ ವಾರಕ್ಕೊಂದು ಮಧ್ಯಾಹ್ನ ಬಿಡುವು ಬೇಕು, ನಾದಿನಿಯನ್ನು ಕರೆಸಿಕೊಳ್ಳಿ ಎಂದೆ. ರಾತ್ರಿ ಅಳು, ಊಟ ಸೇರದಿರುವುದು ಇನ್ನೂ ಎರಡು ವಾರ ಹೀಗೇ ಇದ್ದರೆ ಮನೋವೈದ್ಯರನ್ನು ಕಾಣೋಣ ಎಂದೂ ಹೇಳಿದ್ದೆ. ನಡುರಾತ್ರಿ ತೀರಾ ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಎರಡೂ ಬೇಕಾಗಲಿಲ್ಲ. ಮಾತ್ರೆ ಸರಿಯಾಗಿ ತೆಗೆದುಕೊಂಡ ಮೇಲೆ ನಿದ್ದೆ ಬಂತು, ನಿದ್ದೆ ಬಂದ ಮೇಲೆ ಅರ್ಧ ದುಃಖ ಇಳಿಯಿತು.

ನಾಲ್ಕೂವರೆ ತಿಂಗಳಿಗೆ ಮಂಡಿ 105 ಡಿಗ್ರಿ ಮಡಚುತ್ತಿತ್ತು. ಅರಿವಳಿಕೆಯ ತನಕ ಹೋಗಲಿಲ್ಲ. ಕೋಲು ಎಡಗೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದದ್ದು ಮೊದಲು ಎಂದು ಕಲಿಸಿದ್ದಾರೆ. "ಒಳ್ಳೆಯ ಕಾಲು ಯಾವುದು ಸ್ವಾಮಿ ನಂಗೆ?" ಅಂತ ನಕ್ಕರು. ಎಡ ಮಂಡಿಯೂ ಸವೆದಿದೆಯಲ್ಲ. ಸಂಜೆ ಹೊತ್ತಿಗೆ ಊತ ಇನ್ನೂ ಇದೆ, ಮೇಷ್ಟ್ರ ಮೇಲಿನ ಮುನಿಸೂ ಇದೆ. ಎಡಗಾಲಿನ ಆಪರೇಷನ್ ಮಾತು ಎತ್ತಿದರೆ "ದೀಪಾವಳಿ ಸೀಸನ್ ಮುಗೀಲಿ, ರವಿಕೆ ಆರ್ಡರ್ ಇದೆ" ಅನ್ನುತ್ತಾರೆ. ಈ ಸಲ ಸರ್ಜನ್‌ಗೆ ಕೇಳಬೇಕಾದ ಪ್ರಶ್ನೆಗಳನ್ನು ಸೊಸೆಯ ಕೈಲಿ ಈಗಲೇ ಬರೆಸಿಟ್ಟಿದ್ದಾರೆ.