ಆಟೋಪೈಲಟ್ಟೋ ಚಾರ್ಟ್‌ಪ್ಲಾಟರೋ? ಮೊದಲು ಲಂಗರಿನ ಕೊಂಡಿ ನೋಡಿ

26 ಅಡಿಯ ಹಳೆಯ ಹಾಯಿದೋಣಿ, ದಡ ಹಿಡಿದು ಆರು ವಾರದ ಪಯಣ, ಹೊರಡೋಕೆ ಮೂರು ತಿಂಗಳು ಇದೆ, ಚುಕ್ಕಾಣಿಯನ್ನು ತಾನೇ ಹಿಡಿದು ನಡೆಸುವ ಆಟೋಪೈಲಟ್ ತಗೊಳ್ಳಲಾ, ದೋಣಿ ಎಲ್ಲಿದೆ ಅಂತ ನಕ್ಷೆಯ ಮೇಲೆ ತೋರಿಸುವ ಚಾರ್ಟ್‌ಪ್ಲಾಟರ್ ತಗೊಳ್ಳಲಾ ಅಂತ ಕೇಳಿದ್ದೀರಿ. ಓದುತ್ತಿದ್ದರೆ ಎಂಟು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು. ನನ್ನ ದೋಣಿ 25 ಅಡಿ. ನಾನು ಎರಡನ್ನೂ ತಗೊಂಡೆ. ಒಂಬತ್ತನೇ ರಾತ್ರಿ ದೋಣಿ ಬಂಡೆಗೆ ಬಡಿಯಿತು.

ಎರಡು ಉಪಕರಣಗಳೂ ಸರಿಯಾಗಿಯೇ ಇದ್ದವು. ಇಲ್ಲದೇ ಹೋದದ್ದು ಒಂದು ಗೇಣು ತಂತಿ.

ಹೊರಡುವ ಮುಂಚೆ ನಾಲ್ಕು ತಿಂಗಳು ರಜೆಯ ದಿನವೆಲ್ಲ ದೋಣಿಯಲ್ಲೇ ಕಳೆದೆ. ವೈರ್ ಎಳೆದೆ, ಸೋಲಾರ್ ಪ್ಯಾನೆಲ್ ಕೂರಿಸಿದೆ, ಚಾರ್ಟ್‌ಪ್ಲಾಟರಿನ ಪರದೆ ಯಾವ ಕೋನದಲ್ಲಿ ಇದ್ದರೆ ಬಿಸಿಲಿಗೆ ಕಾಣುತ್ತದೆ ಅಂತ ಎರಡು ವಾರ ತಲೆ ಕೆಡಿಸಿಕೊಂಡೆ. ಲಂಗರಿಗೂ ಹೊಸ ಸರಪಳಿ ತಂದೆ, 8 ಮಿಲಿಮೀಟರಿನದು, 30 ಮೀಟರ್. ಅದನ್ನು ಲಂಗರಿಗೆ ಜೋಡಿಸುವ ಶಾಕಲ್ ಕೂಡ ಹೊಸದೇ. ಪಿನ್ ತಿರುಗಿಸಿ, ಇಕ್ಕಳದಲ್ಲಿ ಬಿಗಿ ಮಾಡಿ, ಕೈ ಒರೆಸಿಕೊಂಡು ಮುಂದಿನ ಕೆಲಸಕ್ಕೆ ಹೋದೆ. ಐದು ನಿಮಿಷವೂ ಹಿಡಿಯಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಗೊತ್ತಿದ್ದರೂ ಓದಿ. ಶಾಕಲ್ ಅಂದರೆ ಯು ಆಕಾರದ ಕೊಂಡಿ, ಅದರ ಬಾಯಿಗೆ ಅಡ್ಡಲಾಗಿ ತಿರುಪಿನ ಪಿನ್. ಪಿನ್ನಿನ ತಲೆಯಲ್ಲಿ ಒಂದು ತೂತು ಇರುತ್ತದೆ, ಅಲ್ವಾ? ಬಿಗಿ ಮಾಡುವಾಗ ಏನಾದರೂ ತೂರಿಸಿ ತಿರುಗಿಸೋಕೆ ಅಂತ ನಾನು ಅಂದುಕೊಂಡಿದ್ದೆ. ಅದಕ್ಕೂ ಆಗುತ್ತದೆ. ಆದರೆ ಆ ತೂತಿನಲ್ಲಿ ತಂತಿ ತೂರಿಸಿ ಪಿನ್ನನ್ನು ಕೊಂಡಿಯ ಕಾಲಿಗೆ ಕಟ್ಟಬೇಕು. ಯಾಕೆಂದರೆ ಲಂಗರು ನೀರಿನ ತಳದಲ್ಲಿ ಸುಮ್ನೆ ಬಿದ್ದಿರುವುದಿಲ್ಲ. ಉಬ್ಬರ ಹೋಗಿ ಇಳಿತ ಬಂದಾಗ ಸೆಳೆತ ತಿರುಗುತ್ತದೆ, ಅದರ ಜೊತೆ ದೋಣಿ ತಿರುಗುತ್ತದೆ, ಸರಪಳಿ ತಿರುಚಿಕೊಳ್ಳುತ್ತದೆ, ಅಲೆ ಬಂದಾಗಲೆಲ್ಲ ಜಗ್ಗುತ್ತದೆ, ಅಲೆ ಹೋದ ಮೇಲೆ ಸಡಿಲ ಬಿಡುತ್ತದೆ, ರಾತ್ರಿಯೆಲ್ಲ ಇದೇ. ಪಿನ್ ಕೂದಲೆಳೆಯಷ್ಟು ಸಡಿಲವಾದರೆ ಸಾಕು, ಆಮೇಲೆ ತಾನಾಗಿಯೇ ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುತ್ತದೆ. ಎಷ್ಟೇ ಬಿಗಿ ಮಾಡಿರಿ, ಕಟ್ಟದ ಪಿನ್ನನ್ನು ನಂಬೋಕಾಗಲ್ಲ. ನಾನು ಎಂಟು ರಾತ್ರಿ ಅದನ್ನು ನಂಬಿಕೊಂಡು ನಿದ್ದೆ ಮಾಡಿದ್ದೆ, ಒಂದು ಸಲವೂ ಮುಟ್ಟಿ ನೋಡಿರಲಿಲ್ಲ.

ಒಂಬತ್ತನೇ ಸಂಜೆ ಒಂದು ಕೊಲ್ಲಿಯಲ್ಲಿ ನಿಂತೆ. ಐದು ಮೀಟರ್ ನೀರು, 25 ಮೀಟರ್ ಸರಪಳಿ ಬಿಟ್ಟಿದ್ದೆ. ಆಳದ ಐದು ಪಟ್ಟು, ಲೆಕ್ಕ ಸರಿಯೇ ಇತ್ತು. ಮಧ್ಯರಾತ್ರಿ ಕಳೆದ ಮೇಲೆ ಗಾಳಿ ದಿಕ್ಕು ಬದಲಿಸಿ ಸಮುದ್ರದ ಕಡೆಯಿಂದ ಬೀಸೋಕೆ ಶುರುವಾಯಿತು. ಲಂಗರು ಹಿಡಿದಿರುವ ದೋಣಿ ಮೂತಿಯನ್ನು ಗಾಳಿಗೆ ಕೊಟ್ಟು ತೂಗುತ್ತದೆ. ಎಚ್ಚರವಾದಾಗ ನನ್ನ ದೋಣಿ ಅಡ್ಡಡ್ಡ ಹೊರಳುತ್ತಿತ್ತು. ಚಾರ್ಟ್‌ಪ್ಲಾಟರಿನ ಅಲಾರಂ ಕೂಡ ಕೂಗುತ್ತಿತ್ತು. ದೋಣಿ ಸರಿಯುತ್ತಿದೆ ಅಂತ ಅದು ಹೇಳಬಲ್ಲದು, ಹಿಡಿದು ನಿಲ್ಲಿಸೋಕೆ ಅದರಿಂದ ಆಗಲ್ಲ.

ಮುಂದಕ್ಕೆ ಓಡಿ ಸರಪಳಿ ಎಳೆದೆ. ಕೊಡ ಕಳಚಿಬಿದ್ದ ಬಾವಿ ಹಗ್ಗದ ಹಾಗೆ ಬಂತು. ಟಾರ್ಚ್ ಹಿಡಿದು ನೋಡಿದರೆ ಕೊನೆಯ ಬಳೆಯಲ್ಲಿ ಶಾಕಲ್ ನೇತಾಡುತ್ತಿದೆ, ಮೈಯೆಲ್ಲ ಕೆಸರು, ಪಿನ್ ಇಲ್ಲ. ಬೆರಳಿನಿಂದ ಕೆಸರು ಒರೆಸಿದೆ. ಒಳಗಿನ ತಿರುಪಿನ ಗೆರೆಗಳು ಹೊಸದರ ಹಾಗೇ ಹೊಳೆಯುತ್ತಿದ್ದವು. ಏನೂ ಮುರಿದಿರಲಿಲ್ಲ, ಸವೆದಿರಲಿಲ್ಲ.

ಎರಡನೇ ಲಂಗರು ಇತ್ತು. ಕಾಕ್‌ಪಿಟ್ ಲಾಕರಿನ ತಳದಲ್ಲಿ, ಮಡಚಿದ ಹಾಯಿ, ಫೆಂಡರ್, ಬಕೆಟ್, ಹಗ್ಗದ ಸುರುಳಿ ಎಲ್ಲದರ ಕೆಳಗೆ. ಅದಕ್ಕೆ ಹಗ್ಗ ಕಟ್ಟಿರಲಿಲ್ಲ. ಕತ್ತಲಲ್ಲಿ ಒಂದೊಂದೇ ಎತ್ತಿ ಹೊರಗೆ ಹಾಕುತ್ತಿದ್ದಾಗಲೇ ಚುಕ್ಕಾಣಿ ಬಂಡೆಗೆ ತಾಗಿತು. ಆ ಸದ್ದು ಕಿವಿಗಿಂತ ಮುಂಚೆ ಪಾದಕ್ಕೆ ತಿಳಿಯಿತು. ಇಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು, ಅದರಿಂದ ದೋಣಿ ಉಳಿಯಿತು. ಚುಕ್ಕಾಣಿಯ ದಂಡ ಬಾಗಿದ್ದರಿಂದ ದೋಣಿ ಒಂದೇ ಕಡೆಗೆ ತಿರುಗುತ್ತಿತ್ತು, ಹಾಗೇ ಸುತ್ತು ಹೊಡೆಯುತ್ತಾ ಬಂಡೆಯಿಂದ ದೂರ ಬಂದು, ನಡುಗುವ ಕೈಯಲ್ಲಿ ಗಂಟು ಹಾಕಿ ಎರಡನೇ ಲಂಗರು ಇಳಿಸಿದೆ. ಬೆಳಗ್ಗೆ ಮೀನುಗಾರರು ಎಳೆದುಕೊಂಡು ಹೋಗಿ ದಡ ಸೇರಿಸಿದರು. ಚುಕ್ಕಾಣಿ ರಿಪೇರಿ ಆಗುವಷ್ಟರಲ್ಲಿ ಒಳ್ಳೆಯ ಹವೆಯ ತಿಂಗಳುಗಳು ಮುಗಿದಿದ್ದವು. ಆ ವರ್ಷ ಪಯಣ ಇಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವುದು ಕೊಳ್ಳಬೇಕು ಅನ್ನುವುದು ಈಗಿನ ಪ್ರಶ್ನೆ ಅಲ್ಲ. ನಡು ಸಮುದ್ರದಲ್ಲಿ ಕೆಟ್ಟು ನಿಂತರೆ ತೇಲಿಕೊಂಡು ಇರಬಹುದು, ಯೋಚನೆ ಮಾಡೋಕೆ ಸಮಯ ಇರುತ್ತದೆ. ದಡದ ಹತ್ತಿರ ಆ ಸಮಯ ಇಲ್ಲ. ಹಾಯಿ ಹರಿದರೂ ಇಂಜಿನ್ ನಿಂತರೂ ಗಾಳಿ ದಡದ ಕಡೆ ಬೀಸುತ್ತಿದ್ದರೆ ಕೊನೆಗೆ ನಿಮ್ಮನ್ನು ಉಳಿಸುವುದು ಲಂಗರು ಮಾತ್ರ. ಅದನ್ನು ರಾತ್ರಿ ನಿಲ್ಲುವ ಸಾಮಾನು ಅಂತ ತಿಳಿಯಬೇಡಿ, ಅದು ಬ್ರೇಕ್.

ಈ ವಾರವೇ ಶಾಕಲ್ಲಿಗೆ ತಂತಿ ಕಟ್ಟಿ. ತೂತಿನೊಳಗೆ ಹಾಯಿಸಿ, ಕೊಂಡಿಯ ಕಾಲಿಗೆ ಎರಡು ಮೂರು ಸುತ್ತು ಹಾಕಿ, ತುದಿ ತಿರುಚಿ ಒಳಗೆ ಮಡಚಿ, ಇಲ್ಲದಿದ್ದರೆ ಕೈ ಹರಿಯುತ್ತದೆ. ಗ್ಯಾಲ್ವನೈಸ್ ಮಾಡಿದ ಕೊಂಡಿಗೆ ಅಂಥದ್ದೇ ತಂತಿ ಇರಲಿ, ಸ್ಟೇನ್‌ಲೆಸ್ ತಂತಿ ಉಪ್ಪುನೀರಿನಲ್ಲಿ ತಾಗಿದ ಕಡೆ ಅದರ ಸತುವಿನ ಲೇಪವನ್ನು ತಿನ್ನಬಹುದು. ಲಂಗರು ಎತ್ತಿದಾಗಲೆಲ್ಲ ಮುಟ್ಟಿ ನೋಡಿ. ಸರಪಳಿಯ ಇನ್ನೊಂದು ತುದಿಯನ್ನು ದೋಣಿಯೊಳಗೆ ಹಗ್ಗದಿಂದ ಕಟ್ಟಿ, ಆ ಹಗ್ಗ ಮೇಲೆ ಡೆಕ್ಕಿನ ತನಕ ಬರುವಷ್ಟು ಉದ್ದ ಇರಲಿ, ತುರ್ತಿನಲ್ಲಿ ಚಾಕುವಿನಿಂದ ಕತ್ತರಿಸಿ ಹೊರಡಬಹುದು. ಎರಡನೇ ಲಂಗರು ಹಗ್ಗ ಕಟ್ಟಿಕೊಂಡೇ ಇರಲಿ, ಕೈಗೆ ಸಿಗುವ ಜಾಗದಲ್ಲಿ.

ಇದೇ ಕಣ್ಣಿನಿಂದ ಉಳಿದದ್ದನ್ನೂ ನೋಡಿ. ಹಾಯಿಕಂಬವನ್ನು ಹಿಡಿದಿರುವ ತಂತಿಗಳನ್ನು ಬಿಗಿ ಮಾಡುವ ಟರ್ನ್‌ಬಕಲ್ ತಿರುಪುಗಳಲ್ಲಿ, ಅವು ಬಿಚ್ಚಿಕೊಳ್ಳದ ಹಾಗೆ ತಡೆಯುವ ಸ್ಪ್ಲಿಟ್ ಪಿನ್ ಇದೆಯಾ? ದೋಣಿಯ ತಳದಲ್ಲಿ ನೀರು ಬರುವ ಪ್ರತಿ ವಾಲ್ವ್ ಕೈಯಿಂದ ತಿರುಗುತ್ತದಾ, ಅದರ ಪೈಪಿಗೆ ಎರಡು ಕ್ಲಿಪ್ ಇದೆಯಾ, ಅದು ಕೈಕೊಟ್ಟರೆ ತೂತು ಮುಚ್ಚೋಕೆ ಪಕ್ಕದಲ್ಲಿ ಅದೇ ಅಳತೆಯ ಮರದ ಬಿರಟೆ ಕಟ್ಟಿದ್ದೀರಾ? ಡೀಸೆಲ್ ಫಿಲ್ಟರ್ ನೀವೇ ಬದಲಾಯಿಸಿದ್ದೀರಾ? ಹಾಯಿಯನ್ನು ಗಾಳಿಗೆ ತಕ್ಕಂತೆ ಚಿಕ್ಕದು ಮಾಡುವುದನ್ನು ಕತ್ತಲಲ್ಲಿ ಒಮ್ಮೆಯಾದರೂ ಮಾಡಿದ್ದೀರಾ? ಇವುಗಳಲ್ಲಿ ಫಿಲ್ಟರ್ ಬಿಟ್ಟರೆ ಉಳಿದದ್ದಕ್ಕೆ ದುಡ್ಡು ಜಾಸ್ತಿ ಬೇಕಿಲ್ಲ, ಮಧ್ಯಾಹ್ನಗಳು ಬೇಕು.

ಆಮೇಲೆ ಮನೆಯ ಹತ್ತಿರವೇ ಎರಡು ರಾತ್ರಿ ಲಂಗರು ಹಾಕಿ ದೋಣಿಯಲ್ಲೇ ಮಲಗಿ, ಸ್ವಲ್ಪ ಗಾಳಿ ಇರುವ ದಿನ ನೋಡಿ. ಏನು ಸಡಿಲವಾಯಿತು, ಏನು ಸೋರಿತು, ಯಾವುದು ಕೈಗೆ ಸಿಗಲಿಲ್ಲ ಅಂತ ಬರೆದಿಟ್ಟುಕೊಳ್ಳಿ. ಆ ಪಟ್ಟಿ ಮುಗಿದ ಮೇಲೂ ದುಡ್ಡು ಉಳಿದಿದ್ದರೆ, ಒಬ್ಬರೇ ಹೋಗುವುದಾದರೆ ಆಟೋಪೈಲಟ್ ತಗೊಳ್ಳಿ. ಜೊತೆಗೆ ಇನ್ನೊಬ್ಬರಿದ್ದರೆ ಅದೂ ಈ ವರ್ಷಕ್ಕೆ ಬೇಡ.